ಓದುಗರ ಪ್ರಶ್ನೆ, ಅಕ್ಕನ ಉತ್ತರ: ಆನ್‌ಲೈನ್ ಜಗಳದ ಮಧ್ಯೆ ಪೆಟ್ಟು ತಿಂದೋರು ಎಲ್ಲಿ ಹೋದ್ರು?

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷ್ಯಕ್ಕೆ ಬಂದು ನಿಂತಿವೆ. ಎಲ್ಲೋ ಯಾರಿಗೋ ಬಣ್ಣದ ಕಾರಣಕ್ಕೆ, ಹುಟ್ಟಿನ ಕಾರಣಕ್ಕೆ, ಕೈಲಾಗದವರು ಅನ್ನೋ ಕಾರಣಕ್ಕೆ ಅನ್ಯಾಯ ಆಗುತ್ತೆ, ಅದರ ವಿಡಿಯೋ ಬರುತ್ತೆ, ಆಮೇಲೆ ನಾವೆಲ್ಲ ಸೇರ್ಕೊಂಡು ಕಚ್ಚಾಡ್ತೀವಿ, ಮುಂದಿನ ವಿಡಿಯೋ ಬರೋ ತನಕ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ದಕ್ಕೆ ಯಾರದ್ದೂ ಹಾಕಿಲ್ಲ. ಪತ್ರಗಳನ್ನ ಸ್ವಲ್ಪ ಕತ್ತರಿಸಿದ್ದೀನಿ, ಬೈಗುಳ ಇದ್ದದ್ದನ್ನೂ ಸೇರಿಸಿ.

ಪ್ರಶ್ನೆ: ಅಕ್ಕಾ, ಹಲ್ಲೆ ವಿಡಿಯೋ ಬಂದಾಗ ಶೇರ್ ಮಾಡ್ಬೇಕಾ ಬೇಡ್ವಾ? ಶೇರ್ ಮಾಡ್ದಿದ್ರೆ ಕೇಸ್ ಮುಚ್ಚಿ ಹಾಕ್ತಾರೆ ಅಂತ ಫ್ರೆಂಡ್ಸ್ ಹೇಳ್ತಾರೆ. ಆದ್ರೆ ಸತ್ತೋನ ಮನೆಯವರು ಇದನ್ನ ನೋಡಿದ್ರೆ ಏನ್ ಗತಿ ಅಂತ ನಂಗೆ ಕೈ ತಡೆಯುತ್ತೆ.

ಉತ್ತರ: ನಿಮ್ಮ ಫ್ರೆಂಡ್ಸ್ ಹೇಳೋದ್ರಲ್ಲೂ ನಿಜ ಇದೆ, ನಿಮ್ಮ ಕೈ ತಡೆಯೋದ್ರಲ್ಲೂ ನಿಜ ಇದೆ. 2020ರ ಮೇ 25ಕ್ಕೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆ ಮೇಲೆ ಡೆರೆಕ್ ಶಾವಿನ್ ಅನ್ನೋ ಪೊಲೀಸ್ ಒಂಬತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಮೊಣಕಾಲೂರಿದ್ದ. ಆವತ್ತು ಪೊಲೀಸ್ ಇಲಾಖೆ ಕೊಟ್ಟ ಮೊದಲ ಪ್ರಕಟಣೆ ಓದಿದ್ರೆ ಮೊಣಕಾಲಿನ ಸುದ್ದಿನೇ ಇಲ್ಲ, ಪೊಲೀಸರ ಜೊತೆ ಇದ್ದಾಗ ಆ ಮನುಷ್ಯನ ಆರೋಗ್ಯ ಕೆಟ್ಟು ತೀರ್ಕೊಂಡ ಅನ್ನೋ ಧಾಟಿ. ಡಾರ್ನೆಲ್ಲಾ ಫ್ರೇಜಿಯರ್ ಅನ್ನೋ 17 ವರ್ಷದ ಹುಡುಗಿ ರಸ್ತೆ ಬದಿ ನಿಂತು ಫೋನಲ್ಲಿ ಅದನ್ನ ರೆಕಾರ್ಡ್ ಮಾಡಿ ಹಾಕ್ದೇ ಇದ್ದಿದ್ರೆ ಆ ಪ್ರಕಟಣೆನೇ ಇತಿಹಾಸ ಆಗಿ ಹೋಗ್ತಿತ್ತೋ ಏನೋ. 2021ರ ಏಪ್ರಿಲ್‌ನಲ್ಲಿ ಶಾವಿನ್ ಅಪರಾಧಿ ಅಂತ ತೀರ್ಮಾನ ಆಯ್ತು, ಇಪ್ಪತ್ತೆರಡೂವರೆ ವರ್ಷ ಶಿಕ್ಷೆ ಬಿತ್ತು. ಆ ಹುಡುಗಿಗೆ ಅದೇ ವರ್ಷ ಪತ್ರಿಕೋದ್ಯಮಕ್ಕೆ ದೊಡ್ಡ ಪ್ರಶಸ್ತಿ ಕೊಡೋ ಪುಲಿಟ್ಜರ್ ಮಂಡಳಿಯಿಂದ ವಿಶೇಷ ಗೌರವ ಸಿಕ್ತು.

ಹಾಗಂತ ವಿಡಿಯೋ ಇದ್ರೆ ನ್ಯಾಯ ಸಿಕ್ಕೇ ಸಿಗುತ್ತೆ ಅಂದ್ಕೋಬೇಡಿ. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್ ಅನ್ನೋರನ್ನ ಪೊಲೀಸರು ನೆಲಕ್ಕೆ ಕೆಡವಿ ಲಾಠಿಯಲ್ಲಿ ಬಡಿದಿದ್ದು ಕೂಡ ಪಕ್ಕದ ಮನೆ ಬಾಲ್ಕನಿಯಿಂದ ರೆಕಾರ್ಡ್ ಆಗಿತ್ತು, ಟಿವಿಯಲ್ಲಿ ಇಡೀ ದೇಶ ನೋಡ್ತು, ಆದ್ರೂ 1992ರಲ್ಲಿ ರಾಜ್ಯದ ಕೋರ್ಟಿನ ಜ್ಯೂರಿ, ಅಂದ್ರೆ ತೀರ್ಮಾನ ಹೇಳೋಕೆ ಆರಿಸಿದ ಸಾಮಾನ್ಯ ಜನರ ಗುಂಪು, ಕೇಸ್ ಎದುರಿಸ್ತಿದ್ದ ನಾಲ್ವರು ಪೊಲೀಸರಲ್ಲಿ ಒಬ್ಬರನ್ನೂ ತಪ್ಪಿತಸ್ಥ ಅನ್ನಲಿಲ್ಲ. ಊರಿಗೆ ಊರೇ ಹೊತ್ತಿಕೊಳ್ತು, 60ಕ್ಕೂ ಹೆಚ್ಚು ಜನ ಸತ್ರು, ಆಮೇಲೆ ಫೆಡರಲ್, ಅಂದ್ರೆ ಕೇಂದ್ರದ ಕೋರ್ಟಲ್ಲಿ ಇಬ್ಬರಿಗೆ ಶಿಕ್ಷೆ ಆಗಿದ್ದು.

ಇನ್ನೊಂದು ಹಳೇ ಪ್ರಕರಣ ಹೇಳ್ತೀನಿ, ನಿಮ್ಮ ಕೈ ಯಾಕೆ ತಡೆಯುತ್ತೆ ಅನ್ನೋದಕ್ಕೆ ಉತ್ತರ ಅದರಲ್ಲಿದೆ. 1955ರಲ್ಲಿ ಶಿಕಾಗೋದ 14 ವರ್ಷದ ಹುಡುಗ ಎಮೆಟ್ ಟಿಲ್ ನೆಂಟರ ಮನೆಗೆ ಅಂತ ಮಿಸಿಸಿಪ್ಪಿಗೆ ಹೋಗಿದ್ದ. ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡ್ಕೊಂಡ ಅನ್ನೋ ನೆಪ ಹೇಳಿ ಅವನನ್ನ ಎತ್ತಾಕ್ಕೊಂಡು ಹೋಗಿ ಕೊಂದು ನದಿಗೆ ಎಸೆದ್ರು. ಗುರುತು ಸಿಗದ ಹಾಗೆ ಜಜ್ಜಿ ಹೋಗಿತ್ತು ಮುಖ. ಅವನ ತಾಯಿ ಮೇಮಿ ಟಿಲ್ ಶವಪೆಟ್ಟಿಗೆ ಮುಚ್ಚೋದು ಬೇಡ, ನನ್ನ ಮಗನಿಗೆ ಏನ್ ಮಾಡಿದ್ದಾರೆ ಅಂತ ಎಲ್ಲರೂ ನೋಡಲಿ ಅಂದ್ರು. ಸಾವಿರಾರು ಜನ ಸಾಲು ನಿಂತು ನೋಡಿದ್ರು, ಜೆಟ್ ಅನ್ನೋ ಪತ್ರಿಕೆ ಫೋಟೋ ಹಾಕ್ತು. ಕೊಂದವರನ್ನ ಬರೀ ಬಿಳಿಯರೇ ಇದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಬಿಟ್ಟು ಕಳಿಸ್ತು, ಮರುವರ್ಷ ಅವರೇ ದುಡ್ಡು ಇಸ್ಕೊಂಡು ಒಂದು ಪತ್ರಿಕೆಗೆ ಹೌದು ನಾವೇ ಕೊಂದಿದ್ದು ಅಂತ ಹೇಳ್ಕೊಂಡ್ರು. ಆದ್ರೆ ಆ ಫೋಟೋ ಒಂದು ಪೀಳಿಗೆಯನ್ನೇ ಎಬ್ಬಿಸ್ತು. ಅದನ್ನ ತೋರಿಸೋ ತೀರ್ಮಾನ ಮಾಡಿದ್ದು ತಾಯಿ, ದಾರೀಲಿ ಹೋಗೋರಲ್ಲ.

ಹಾಗಾಗಿ ಫಾರ್ವರ್ಡ್ ಒತ್ತೋ ಮುಂಚೆ ಮನೆಯವರು ಇದನ್ನ ತೋರಿಸಿ ಅಂದಿದ್ದಾರಾ ಅಂತ ನೋಡಿ. ಅಂದಿದ್ರೆ ಅವರು ಹೇಳಿದ ಹಾಗೆ ಶೇರ್ ಮಾಡಿ. ಗೊತ್ತಿಲ್ಲ ಅಂದ್ರೆ ವಿಡಿಯೋ ಬೇಡ, ಏನಾಯ್ತು ಅನ್ನೋದನ್ನ ನಾಲ್ಕು ಸಾಲಲ್ಲಿ ಬರೀರಿ, ಕೇಸ್ ಯಾವ ಹಂತದಲ್ಲಿದೆ ಅಂತ ಬರೀರಿ, ಮನೆಯವರಿಗೆ ವಕೀಲರ ಖರ್ಚಿಗೆ ಏನಾದ್ರೂ ಬೇಕಿದ್ಯಾ ಅಂತ ಬರೀರಿ. ರೆಕಾರ್ಡ್ ಮಾಡಿದ್ದು ನೀವೇ ಆಗಿದ್ರೆ ಮಾತ್ರ ಲೆಕ್ಕ ಬೇರೆ. ಒರಿಜಿನಲ್ ಫೈಲ್ ಡಿಲೀಟ್ ಮಾಡ್ಬೇಡಿ, ಕಟ್ ಮಾಡ್ಬೇಡಿ, ಇನ್ನೊಂದು ಕಡೆ ಕಾಪಿ ಇಡಿ, ಚಾಟ್ ಆ್ಯಪಲ್ಲಿ ಕಳ್ಸಿದ್ರೆ ಕ್ವಾಲಿಟಿ ಇಳಿಯುತ್ತೆ ಜೊತೆಗೆ ಯಾವಾಗ ಎಲ್ಲಿ ತೆಗೆದಿದ್ದು ಅನ್ನೋ ವಿವರಾನೂ ಅಳಿಸಿ ಹೋಗುತ್ತೆ. ತನಿಖೆ ಮಾಡೋರಿಗೆ, ಮನೆಯವರ ವಕೀಲರಿಗೆ, ನಂಬಿಕಸ್ಥ ಪತ್ರಕರ್ತರಿಗೆ ಕೊಡಿ. ಇನ್ನೊಂದ್ ಮಾತು, ದಯವಿಟ್ಟು ಅದಕ್ಕೆ ಹಿಂದೆ ಪಿಟೀಲು ಮ್ಯೂಸಿಕ್ ಸೇರಿಸಬೇಡಿ. ಸಾಯ್ತಿರೋ ಮನುಷ್ಯನ ಉಸಿರಿನ ಸದ್ದಿನ ಮೇಲೆ ಮ್ಯೂಸಿಕ್ ಹಾಕೋ ಬುದ್ಧಿ ಯಾರಿಗಾದ್ರೂ ಹೇಗೆ ಬರುತ್ತೋ ನಂಗಂತೂ ಗೊತ್ತಾಗಲ್ಲ.

ಪ್ರಶ್ನೆ: ಮೇಡಂ, ಇಂಥ ವಿಡಿಯೋ ಬಂದಾಗೆಲ್ಲ ಎಲ್ಲರೂ ಸತ್ತೋನ ಪರ ಕಣ್ಣೀರು ಹಾಕ್ತಾರೆ. ಅವನ ಮೇಲೆ ಹಳೇ ಕೇಸ್ ಇತ್ತು ಅನ್ನೋದನ್ನ ಯಾಕೆ ಯಾರೂ ಹೇಳಲ್ಲ? ಅವನೇನ್ ಸಾಚಾನಾ?

ಉತ್ತರ: ಯಾರೂ ಹೇಳಲ್ಲ ಅಂತೀರಲ್ಲ, ಮೊದಲ ದಿನದಿಂದ ಅದನ್ನೇ ಹೇಳ್ತಿದ್ದಾರೆ! ಸಾಚಾ ಅಲ್ಲದಿದ್ರೆ ಹೊಡೆದು ಕೊಲ್ಲಬಹುದು ಅಂತ ಯಾವ ದೇಶದ ಕಾನೂನಲ್ಲೂ ಬರೆದಿಲ್ಲ ಸ್ವಾಮಿ. ಹಳೇ ಕೇಸ್ ಇದ್ರೆ ಅದಕ್ಕೆ ಕೋರ್ಟ್ ಇದೆ, ಶಿಕ್ಷೆ ಇದೆ.

ಆದ್ರೆ ನಿಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ವಿಷ್ಯ ಇದೆ, ನೊಂದವರು ನೂರಕ್ಕೆ ನೂರು ಒಳ್ಳೆಯವರಾಗಿದ್ರೆ ಮಾತ್ರ ಅಯ್ಯೋ ಅನ್ನೋ ನಮ್ಮ ಅಭ್ಯಾಸ. ಇದಕ್ಕೆ ಹೋರಾಟಗಾರರೂ ಹೊರತಲ್ಲ. ಅಮೆರಿಕದ ಮಾಂಟ್ಗೊಮರಿ ಅನ್ನೋ ಊರಿನ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲ್ಲ ಅಂತ ಕೂತ ರೋಸಾ ಪಾರ್ಕ್ಸ್ ಹೆಸರು ಎಲ್ಲರಿಗೂ ಗೊತ್ತು, ಅದು 1955ರ ಡಿಸೆಂಬರ್ 1. ಅದೇ ಊರಲ್ಲಿ ಅದೇ ವರ್ಷದ ಮಾರ್ಚ್‌ನಲ್ಲಿ, ಅಂದ್ರೆ ಒಂಬತ್ತು ತಿಂಗಳ ಮುಂಚೆನೇ, ಕ್ಲಾಡೆಟ್ ಕೋಲ್ವಿನ್ ಅನ್ನೋ 15 ವರ್ಷದ ಹುಡುಗಿ ಹಾಗೇ ಕೂತಿದ್ಲು, ಪೊಲೀಸರು ಬೇಡಿ ಹಾಕಿ ಎಳ್ಕೊಂಡು ಹೋದ್ರು. ಅವಳನ್ನ ಮುಂದಿಟ್ಟು ಚಳವಳಿ ಶುರು ಮಾಡಲಿಲ್ಲ. ಚಿಕ್ಕ ಹುಡುಗಿ, ಬಡವರ ಮನೆ, ಅದೇ ವರ್ಷ ಮದುವೆ ಆಗದೇ ಬಸುರಿ ಬೇರೆ ಆದ್ಲು, ಪೇಪರಿನವರು ಇದನ್ನೇ ಹಿಡ್ಕೊಂಡು ಕೂರ್ತಾರೆ ಅನ್ನೋ ಹೆದರಿಕೆ. ಪಾರ್ಕ್ಸ್ ಬಂಧನ ಆದಮೇಲೆ ಕಪ್ಪು ಜನ 381 ದಿನ ಬಸ್ ಹತ್ತದೇ ನಡೆದ್ರು, ಕಾರು ಹಂಚ್ಕೊಂಡು ಓಡಾಡಿದ್ರು. ಆದ್ರೆ ಬಸ್ಸಿನಲ್ಲಿ ಹೀಗೆ ಬೇರೆ ಬೇರೆ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅಂತ 1956ರಲ್ಲಿ ತೀರ್ಪು ತಂದುಕೊಟ್ಟ ಕೇಸಿದ್ಯಲ್ಲ, ಬ್ರೌಡರ್ ವರ್ಸಸ್ ಗೇಲ್, ಅದರಲ್ಲಿ ದೂರು ಕೊಟ್ಟವರಲ್ಲಿ ಒಬ್ಬಳು ಈ ಕೋಲ್ವಿನ್. ಪಾರ್ಕ್ಸ್ ಆ ಕೇಸಲ್ಲಿ ಇರಲೇ ಇಲ್ಲ. ಸಾಚಾ ಯಾರು ಅಂತ ನೋಡ್ಕೊಂಡು ಕೂತಿದ್ರೆ ಆ ಸಾಕ್ಷಿ ಹೇಳೋಕೆ ಜನಾನೇ ಸಿಗ್ತಿರಲಿಲ್ಲ.

ಪ್ರಶ್ನೆ: ಎಲ್ಲರ ಜೀವಕ್ಕೂ ಬೆಲೆ ಇದೆ ಅಂತ ಒಂದು ಪೋಸ್ಟ್ ಹಾಕಿದ್ದಕ್ಕೆ ನನ್ನನ್ನ ಜನಾಂಗೀಯವಾದಿ ಅಂದುಬಿಟ್ರು. ನಾನು ಹೇಳಿದ್ರಲ್ಲಿ ತಪ್ಪೇನಿದೆ?

ಉತ್ತರ: ಮಾತಲ್ಲಿ ತಪ್ಪಿಲ್ಲ, ಹೇಳಿದ ಹೊತ್ತಲ್ಲಿದೆ. 2012ರಲ್ಲಿ ಫ್ಲಾರಿಡಾದಲ್ಲಿ ಟ್ರೇವಾನ್ ಮಾರ್ಟಿನ್ ಅನ್ನೋ 17 ವರ್ಷದ ನಿರಾಯುಧ ಕಪ್ಪು ಹುಡುಗನಿಗೆ ಗುಂಡು ಹೊಡೆದವನು 2013ರಲ್ಲಿ ಖುಲಾಸೆ ಆದ. ಆಗ ಹುಟ್ಟಿದ್ದು ಬ್ಲ್ಯಾಕ್ ಲೈವ್ಸ್ ಮ್ಯಾಟರ್, ಅಂದ್ರೆ ಕಪ್ಪು ಜನರ ಜೀವಕ್ಕೂ ಬೆಲೆ ಇದೆ ಅನ್ನೋ ಹ್ಯಾಶ್‌ಟ್ಯಾಗ್. ನೀವು ಹೇಳ್ತಿರೋ ಎಲ್ಲರ ಜೀವ ಅನ್ನೋ ಘೋಷಣೆ ಅದಕ್ಕೂ ಮುಂಚೆ ಎಲ್ಲಿತ್ತು? ಎಲ್ಲರ ಜೀವದ ಮೇಲೆ ಅಷ್ಟು ಪ್ರೀತಿ ಇದ್ದಿದ್ರೆ ಯಾರಾದ್ರೂ ಸತ್ತಾಗ ಅವರ ಪರ ಮೊದಲು ಕೂಗಬೇಕಿತ್ತು, ಕೂಗ್ತಿರೋರಿಗೆ ಎದುರುತ್ತರವಾಗಿ ಅಲ್ಲ. ನಿಮ್ಮನ್ನ ಜನಾಂಗೀಯವಾದಿ ಅಂದಿದ್ದು ದುಡುಕು, ಒಪ್ತೀನಿ, ಒಂದು ಪೋಸ್ಟ್ ನೋಡಿ ಮನುಷ್ಯನನ್ನ ಅಳೆಯೋಕಾಗಲ್ಲ. ಆದ್ರೆ ಆ ಪೋಸ್ಟ್ ತೆಗೆದ್ರೆ ನಿಮಗೇನೂ ನಷ್ಟ ಇಲ್ಲ.

ಪ್ರಶ್ನೆ: ಅಕ್ಕಾ, ನಮ್ಮ ಭಾವ ಓದಿಕೊಂಡೋರು. ಫ್ಯಾಮಿಲಿ ಗ್ರೂಪಲ್ಲಿ ಜನಾಂಗಗಳ ಬುದ್ಧಿಮಟ್ಟ ಹುಟ್ಟಿನಿಂದಲೇ ಬೇರೆ, ಇದು ಸೈನ್ಸ್ ಅಂತ ಚಾರ್ಟ್ ಮೇಲೆ ಚಾರ್ಟ್ ಕಳಿಸ್ತಾರೆ. ಅಕ್ಕನ ಮುಖ ನೋಡಿ ಸುಮ್ನಿದ್ದೀನಿ. ಏನಂತ ಉತ್ತರ ಕೊಡ್ಲಿ?

ಉತ್ತರ: ಅಕ್ಕನ ಮುಖ ನೋಡಿ ಸುಮ್ನಿರೋದು ನಂಗರ್ಥ ಆಗುತ್ತೆ, ಆದ್ರೆ ಆ ಗ್ರೂಪಲ್ಲಿ ಮಕ್ಕಳೂ ಇರ್ತಾರಲ್ಲ. ಭಾವನಿಗೆ ಇಷ್ಟು ಹೇಳಿ ಸಾಕು. 1972ರಲ್ಲಿ ರಿಚರ್ಡ್ ಲೆವೊಂಟಿನ್ ಅನ್ನೋ ತಳಿವಿಜ್ಞಾನಿ ಲೆಕ್ಕ ಹಾಕಿ ನೋಡಿದಾಗ ಮನುಷ್ಯರ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಜನಸಮುದಾಯದ ಒಳಗೇ ಇದೆ, ಜನಾಂಗ ಜನಾಂಗಗಳ ಮಧ್ಯೆ ಇರೋದು ತೀರಾ ಕಮ್ಮಿ ಅಂತ ಕಂಡುಬಂತು. ಆಮೇಲೆ ಡಿಎನ್ಎ ಓದೋ ಕಾಲ ಬಂದಮೇಲೂ ಆ ಚಿತ್ರ ಬದಲಾಗಿಲ್ಲ. ಇನ್ನು ಬಣ್ಣ. ಬಿಸಿಲು ಜೋರಿರೋ ಕಡೆ ತಲತಲಾಂತರದಿಂದ ಬದುಕಿದವರಿಗೆ ಚರ್ಮದಲ್ಲಿ ಮೆಲನಿನ್ ಅನ್ನೋ ಬಣ್ಣ ಕೊಡೋ ಅಂಶ ಜಾಸ್ತಿ, ಅದಕ್ಕೇ ಆಫ್ರಿಕಾದವರೂ ಕಪ್ಪು, ಪೆಸಿಫಿಕ್ ಸಮುದ್ರದ ಮೆಲನೇಶಿಯಾದವರೂ ಕಪ್ಪು, ಇಬ್ಬರಿಗೂ ವಂಶದಲ್ಲಿ ಹತ್ತಿರದ ನಂಟಿಲ್ಲ. ಚರ್ಮ ನೋಡಿ ತಲೆಯೊಳಗೆ ಏನಿದೆ ಅಂತ ಹೇಳೋ ಸೈನ್ಸ್ ಇಲ್ಲ ಭಾವ, ಅಂತ ಹೇಳಿ.

ಸೈನ್ಸ್ ಬಗ್ಗೆ ಮಾತಾಡೋದೇ ಆದ್ರೆ ಇದನ್ನೂ ಕಳಿಸಿ. ಬೆರಳ ತುದಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡ್ತಾರಲ್ಲ, ಪಲ್ಸ್ ಆಕ್ಸಿಮೀಟರ್, ಕೋವಿಡ್ ಟೈಮಲ್ಲಿ ಮನೆಮನೆಗೂ ಬಂದಿತ್ತು. ಅಮೆರಿಕದ ಆಸ್ಪತ್ರೆಗಳ ದಾಖಲೆ ಇಟ್ಕೊಂಡು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಜವಾಗ್ಲೂ ಆಕ್ಸಿಜನ್ ಇಳಿದಿದ್ರೂ ಮಿಷನ್ ಸರಿಯಾಗಿದೆ ಅಂತ ತೋರಿಸೋದು ಬಿಳಿ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಅಂತ ಗೊತ್ತಾಯ್ತು. ಬೆಳಕು ಚರ್ಮದೊಳಗೆ ಹಾದು ಹೋಗೋದನ್ನ ಅಳೆಯೋ ಯಂತ್ರ ಅದು, ಯಾರ ಚರ್ಮ ಇಟ್ಕೊಂಡು ಅದನ್ನ ಸರಿಹೊಂದಿಸಿದ್ರು ಅನ್ನೋದೇ ಪ್ರಶ್ನೆ. ಇಲ್ಲಿ ಯಾರೂ ಬೇಕಂತ ಕೇಡು ಬಗೆದಿಲ್ಲ. ಬೇಕಂತಲೇ ಮಾಡಿದ್ದು ಬೇಕಾ, ಅದೂ ಇದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ಸುಮಾರು 600 ಬಡ ಕಪ್ಪು ಗಂಡಸರನ್ನ ಇಟ್ಕೊಂಡು ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಮದ್ದಿಲ್ಲದೇ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತಿತ್ತು. ಅವರಲ್ಲಿ 399 ಜನಕ್ಕೆ ರೋಗ ಇತ್ತು, ಹೆಸರು ಕೂಡ ಹೇಳ್ದೆ ನಿಮಗೆ ಕೆಟ್ಟ ರಕ್ತ ಅಂದಿದ್ರು. 1940ರ ದಶಕದಲ್ಲಿ ಅದನ್ನ ವಾಸಿ ಮಾಡೋ ಪೆನಿಸಿಲಿನ್ ಬಂದಮೇಲೂ ಕೊಡಲಿಲ್ಲ. ಪೀಟರ್ ಬಕ್ಸ್‌ಟನ್ ಅನ್ನೋ ಇಲಾಖೆಯ ನೌಕರ ಒಳಗೊಳಗೇ ದೂರು ಕೊಟ್ಟು ಕೊಟ್ಟು ಸಾಕಾಗಿ ಕೊನೆಗೆ ಪತ್ರಕರ್ತರಿಗೆ ಹೇಳಿದ್ಮೇಲೆ ನಿಂತಿದ್ದು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ರು.

ಇಷ್ಟು ಹಾಕಿ ನಿಲ್ಲಿಸಿ. ಭಾವ ಇನ್ನೊಂದು ಚಾರ್ಟ್ ಕಳಿಸ್ತಾರೆ, ಗ್ಯಾರಂಟಿ. ಅದಕ್ಕೆ ಉತ್ತರ ಕೊಡೋ ಜವಾಬ್ದಾರಿ ನಿಮ್ಮದಲ್ಲ.

ಪ್ರಶ್ನೆ: ಒಂದು ಪ್ರ್ಯಾಂಕ್ ವಿಡಿಯೋ ನೋಡಿದೆ. ರಸ್ತೆ ಬದಿ ಒಬ್ಬ ವಯಸ್ಸಾದೋರು, ಮಾನಸಿಕವಾಗಿ ಹುಷಾರಿಲ್ಲದವರು ಅನ್ಸುತ್ತೆ, ಗಂಟು ಪಕ್ಕದಲ್ಲಿಟ್ಕೊಂಡು ಕೂತಿದ್ದಾರೆ. ಹುಡುಗರು ಗಂಟು ಎತ್ಕೊಂಡು ಓಡ್ತಾರೆ, ಅವರು ಎದ್ದು ಬಿದ್ದು ಹಿಂದೆ ಬರ್ತಾರೆ. ಮೊದಲು ನಗು ಬಂತು, ಆಮೇಲೆ ಹೊಟ್ಟೆ ತೊಳಸಿದ ಹಾಗಾಯ್ತು. ಇದಕ್ಕೇನ್ ಮಾಡೋದು?

ಉತ್ತರ: ಮೊದಲು ನಗು ಬಂತು ಅಂತ ಬರೆದಿದ್ದಕ್ಕೆ ಥ್ಯಾಂಕ್ಸ್, ಸುಮಾರು ಜನ ಅದನ್ನ ಬಿಟ್ಟು ಬರೀತಾರೆ. ಆ ವಿಡಿಯೋ ಎಡಿಟ್ ಮಾಡಿರೋದೇ ನಿಮಗೆ ನಗು ಬರ್ಲಿ ಅಂತ, ಹಿಂದೆ ಬೋಂಯ್ ಅನ್ನೋ ಸೌಂಡ್, ಮುಖಕ್ಕೆ ಝೂಮ್. ಸೌಂಡ್ ಆಫ್ ಮಾಡಿ ಇನ್ನೊಂದ್ಸಲ ನೋಡಿದ್ರೆ ಆ ಮನುಷ್ಯನ ಕೈ ಗಂಟಿದ್ದ ಜಾಗಾನ ತಡಕಾಡೋದು ಮಾತ್ರ ಕಾಣ್ಸುತ್ತೆ. ಆದ್ರೆ ಇನ್ನೊಂದ್ಸಲ ನೋಡ್ಬೇಡಿ, ನೀವು ಪೂರ್ತಿ ನೋಡಿದಷ್ಟೂ ಆ್ಯಪ್ ಅದನ್ನ ಇನ್ನೊಬ್ಬರ ಮುಂದೆ ತಳ್ಳುತ್ತೆ. ಬಯ್ಯೋಕೆ ಅಂತ ಶೇರ್ ಮಾಡಿದ್ರೂ ಆ ಹುಡುಗರ ಲೆಕ್ಕಕ್ಕೆ ಅದು ವ್ಯೂ. ರಿಪೋರ್ಟ್ ಒತ್ತಿ, ಕಿರುಕುಳ ಅನ್ನೋ ಆಯ್ಕೆ ಇರುತ್ತೆ. ಜಾಗ ಗುರುತು ಸಿಕ್ಕಿದ್ರೆ ಅಲ್ಲಿನ ಪೊಲೀಸರಿಗೋ ನಿರ್ಗತಿಕರ ಜೊತೆ ಕೆಲ್ಸ ಮಾಡೋ ಸಂಸ್ಥೆಗೋ ಹೇಳಿ, ಅವರ ಗಂಟು ವಾಪಸ್ ಸಿಕ್ತಾ ಅನ್ನೋದನ್ನ ಆ ವಿಡಿಯೋ ಹೇಳಲ್ಲ.

ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಪ್ಪಂದ ಇದೆ, ಮಾನಸಿಕ ಕಾಯಿಲೆ ದೀರ್ಘಕಾಲ ಇರೋರೂ ಅದರೊಳಗೆ ಬರ್ತಾರೆ. ಅದರ 22ನೇ ವಿಧಿ ಪೂರ್ತಿ ಖಾಸಗಿತನದ ಬಗ್ಗೆನೇ, ಎಲ್ಲಿ ವಾಸ ಮಾಡ್ತಿದ್ರೂ ಸರಿ ಅಂತ ಬಿಡಿಸಿ ಹೇಳಿದೆ. ರಸ್ತೆಯಲ್ಲಿ ಕೂತವರಿಗೂ ಖಾಸಗಿತನ ಇದೆ ಅನ್ನೋದೇ ನಮಗೆ ಹೊಳೆಯಲ್ಲ.

ಹಾಗೇ ಇದರ ಅಣ್ಣತಮ್ಮ ಒಂದಿದೆ, ಸಹಾಯದ ವಿಡಿಯೋ. ಚಳಿಯಲ್ಲಿ ಮಲಗಿದೋರನ್ನ ಎಬ್ಬಿಸಿ, ಮುಖಕ್ಕೆ ಲೈಟ್ ಬಿಟ್ಟು, ಕಂಬಳಿ ಕೊಟ್ಟು, ಅವರು ಕೈ ಮುಗಿಯೋ ತನಕ ಕ್ಯಾಮೆರಾ ಹಿಡಿಯೋದು. ಇದಕ್ಕೆ ಲಕ್ಷ ಲಕ್ಷ ಲೈಕ್. ಕಂಬಳಿ ಬೇಕಿದ್ದೋರಿಗೆ ಕ್ಯಾಮೆರಾ ಬೇಡ ಅನ್ನೋ ಧೈರ್ಯ ಎಲ್ಲಿಂದ ಬರ್ಬೇಕು?

ಪ್ರಶ್ನೆ: ಹಲ್ಲೆ ಮಾಡಿದವನ ಫೋಟೋ, ಕೆಲಸದ ಜಾಗ ಎಲ್ಲ ಹುಡುಕಿ ಹಾಕೋದು ತಪ್ಪಾ? ಪೊಲೀಸರು ಏನೂ ಮಾಡಲ್ಲ, ನಾವಾದ್ರೂ ಮಾಡ್ಬೇಕಲ್ವಾ?

ಉತ್ತರ: 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದಾಗ ಆನ್‌ಲೈನ್ ಪತ್ತೇದಾರರು ಇದನ್ನೇ ಮಾಡಿದ್ರು. ಕಾಣೆಯಾಗಿದ್ದ ಒಬ್ಬ ಕಾಲೇಜು ಹುಡುಗನ ಫೋಟೋ ಶಂಕಿತನ ಫೋಟೋಗೆ ಹೋಲುತ್ತೆ ಅಂತ ಹಬ್ಬಿಸಿದ್ರು, ಮಗ ಎಲ್ಲಿದ್ದಾನೋ ಅಂತ ಹುಡುಕ್ತಿದ್ದ ಮನೆಯವರಿಗೆ ರಾತ್ರಿಯೆಲ್ಲ ಫೋನ್, ಬೈಗುಳ. ಆ ಹುಡುಗನಿಗೂ ಬಾಂಬಿಗೂ ಸಂಬಂಧನೇ ಇರಲಿಲ್ಲ, ಆಮೇಲೆ ಅವನ ಶವ ಸಿಕ್ತು. ಈ ಪತ್ತೇದಾರಿಕೆ ನಡೆದ ಚರ್ಚಾ ತಾಣ ರೆಡಿಟ್ ಬಹಿರಂಗವಾಗಿ ಕ್ಷಮೆ ಕೇಳ್ತು. ಶೇರ್ ಮಾಡಿದ್ದ ಸಾವಿರಾರು ಜನ ಕೇಳಿದ್ರಾ, ಅದನ್ನ ನೀವೇ ಊಹಿಸಿ.

ಸುಳಿವು ಸಿಕ್ಕಿದ್ರೆ ತನಿಖೆ ಮಾಡೋರಿಗೆ ಕೊಡಿ. ಅವರು ಕೂತಲ್ಲೇ ಕೂತಿದ್ದಾರೆ ಅಂದ್ರೆ ಅವರ ಮೇಲೆ ಒತ್ತಡ ಹಾಕಿ, ಆ ಕೇಸ್ ಎಲ್ಲಿಗೆ ಬಂತು ಅಂತ ಹೆಸರು ಹಿಡಿದು ಕೇಳಬೇಕಾಗಿರೋದು ಅಧಿಕಾರಿಯನ್ನ. ಆರೋಪಿಯ ಹೆಂಡತಿ ಎಲ್ಲಿ ಕೆಲ್ಸ ಮಾಡ್ತಾಳೆ, ಮಗು ಯಾವ ಸ್ಕೂಲು ಅಂತ ಹಾಕೋರೂ ಇದ್ದಾರೆ ನೋಡಿ, ಅದಕ್ಕಂತೂ ನನ್ನತ್ರ ಸಭ್ಯ ಪದ ಇಲ್ಲ.

ಪ್ರಶ್ನೆ: ಜೋಕ್ ಅನ್ನೋದು ಜೋಕ್. ಒಂದು ಸಮುದಾಯದೋರನ್ನ ಹುಳ ಅಂದಿದ್ದಕ್ಕೆ ನನ್ನ ಅಕೌಂಟ್ ಸಸ್ಪೆಂಡ್ ಮಾಡಿದ್ದಾರೆ. ಬರೀ ಮಾತಿಂದ ಯಾರಿಗೆ ಏನಾಗುತ್ತೆ?

ಉತ್ತರ: 1994ರಲ್ಲಿ ಆಫ್ರಿಕಾದ ರುವಾಂಡಾ ದೇಶದ ಆರ್‌ಟಿಎಲ್‌ಎಂ ಅನ್ನೋ ರೇಡಿಯೋ ಹಾಡು ಜೋಕುಗಳ ಮಧ್ಯೆ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನ ಜಿರಳೆ ಜಿರಳೆ ಅಂತಿತ್ತು. ಕೇಳೋಕೆ ಮಜಾ ಇದ್ದ ಸ್ಟೇಷನ್ನು, ಯುವಕರಿಗೆ ಅಚ್ಚುಮೆಚ್ಚು. ಏಪ್ರಿಲ್‌ನಿಂದ ಸುಮಾರು ನೂರು ದಿನದಲ್ಲಿ ಎಂಟು ಲಕ್ಷದಷ್ಟು ಜನರನ್ನ ಕೊಂದ್ರು, ಅಡಗಿದವರು ಎಲ್ಲಿದ್ದಾರೆ ಅಂತ ಅದೇ ರೇಡಿಯೋ ಹೆಸರು ಹೇಳ್ತಿತ್ತು. ಆ ಸ್ಟೇಷನ್ ಕಟ್ಟಿದವರನ್ನ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅಪರಾಧಿಗಳು ಅಂತು. ಮ್ಯಾನ್ಮಾರ್‌ನಲ್ಲಿ 2017ರ ಆಗಸ್ಟ್ ಆದಮೇಲೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಹೋದ್ರಲ್ಲ, ಅಲ್ಲಿ ದ್ವೇಷ ಹಬ್ಬಿಸೋಕೆ ತನ್ನ ವೇದಿಕೆ ಬಳಕೆಯಾಗೋದನ್ನ ತಡೆಯೋಕೆ ತಾನು ಸಾಕಷ್ಟು ಮಾಡಲಿಲ್ಲ ಅಂತ 2018ರಲ್ಲಿ ಫೇಸ್‌ಬುಕ್ಕೇ ಒಪ್ಕೊಳ್ತು.

ನೀವು ಯಾರನ್ನೂ ಕೊಲ್ಲಲ್ಲ, ಅದು ನಂಗೂ ಗೊತ್ತು. ಆದ್ರೆ ಹುಳ ಅಂದಮೇಲೆ ಮುಂದಿನ ಮಾತು ಔಷಧಿ ಹೊಡಿ ಅನ್ನೋದೇ ಅಲ್ವಾ? ಅದನ್ನ ಬರೆಯೋಕೆ ನಿಮ್ಮ ಕೆಳಗೆ ಇನ್ಯಾರೋ ಕಾಯ್ತಿರ್ತಾರೆ.

ಪ್ರಶ್ನೆ: ಅಕ್ಕಾ ನಾನು ಕಪ್ಪಗಿದ್ದೀನಿ, ಡ್ಯಾನ್ಸ್ ಅಂದ್ರೆ ಪ್ರಾಣ. ವಿಡಿಯೋ ಹಾಕಿದ್ರೆ ಲೈಟ್ ಹಾಕಮ್ಮ ಕಾಣಿಸ್ತಿಲ್ಲ, ಬರೀ ಹಲ್ಲು ಡ್ಯಾನ್ಸ್ ಮಾಡ್ತಿದೆ ಅಂತ ಕಮೆಂಟು. ಫ್ರೆಂಡ್ಸ್ ನನ್ನ ಪರ ಜಗಳ ಆಡ್ತಾರೆ, ಅದರಿಂದ ಇನ್ನೂ ಜಾಸ್ತಿ ಆಗಿದೆ. ಅಕೌಂಟ್ ಡಿಲೀಟ್ ಮಾಡ್ಲಾ?

ಉತ್ತರ: ಡಿಲೀಟ್ ಮಾಡ್ಬೇಕು ಅನ್ಸಿದ್ರೆ ಮಾಡಮ್ಮ, ಅದು ಸೋಲಲ್ಲ. ಧೈರ್ಯವಾಗಿ ಎದುರಿಸು ಅಂತ ಹೇಳೋರ್ಯಾರೂ ರಾತ್ರಿ ಹನ್ನೊಂದಕ್ಕೆ ಆ ಕಮೆಂಟ್ ಓದ್ತಾ ಕೂರಲ್ಲ. ಇಟ್ಕೋಬೇಕು ಅನ್ಸಿದ್ರೆ, ಕಮೆಂಟ್ ಓದೋ ಕೆಲ್ಸ ನಿನ್ನ ನಂಬಿಕೆಯ ಒಬ್ಬರಿಗೆ ಕೊಡು. ಅವರು ಮೊದಲು ಸ್ಕ್ರೀನ್‌ಶಾಟ್ ತೆಗೀಲಿ, ಅಕೌಂಟ್ ಹೆಸರು, ತಾರೀಖು, ಲಿಂಕ್ ಸಮೇತ, ಆಮೇಲೆ ರಿಪೋರ್ಟ್, ಆಮೇಲೆ ಬ್ಲಾಕ್. ಈ ಕ್ರಮ ತಪ್ಪಿದ್ರೆ ಮುಂದೆ ದೂರು ಕೊಡ್ಬೇಕಾದಾಗ ಕೈಯಲ್ಲಿ ಏನೂ ಇರಲ್ಲ. ಹಲ್ಲು, ಲೈಟು ಅಂತ ಯಾವ್ಯಾವ ಪದ ಮತ್ತೆ ಮತ್ತೆ ಬರುತ್ತೋ ಅದನ್ನ ಸೆಟ್ಟಿಂಗ್ಸ್‌ಗೆ ಹೋಗಿ ಫಿಲ್ಟರ್‌ಗೆ ಸೇರಿಸಿದ್ರೆ ಅಂಥ ಕಮೆಂಟ್ ತಾನಾಗೇ ಮರೆಯಾಗುತ್ತೆ. ಮನೆ ವಿಳಾಸ, ಬೆದರಿಕೆ ಏನಾದ್ರೂ ಬಂದ್ರೆ ಕಾಯ್ಬೇಡ, ಅವತ್ತೇ ಪೊಲೀಸರಿಗೆ ಹೋಗು.

ಫ್ರೆಂಡ್ಸ್‌ಗೆ ನಾನು ಹೇಳ್ದೆ ಅಂತ ಹೇಳು. ಬೈಗುಳದ ಕೆಳಗೆ ಅವರು ಎಪ್ಪತ್ತು ರಿಪ್ಲೈ ಹಾಕಿದ್ರೆ ಅದು ಬಿಸಿ ಚರ್ಚೆ ಅಂದ್ಕೊಂಡು ಆ್ಯಪ್ ಅದನ್ನೇ ತಂದು ಮೇಲೆ ಕೂರಿಸುತ್ತೆ, ನಿನ್ನ ಪೇಜಿಗೆ ಬಂದವರಿಗೆ ಮೊದಲು ಕಾಣೋದೇ ಆ ಹಲ್ಲಿನ ಜೋಕು. ನಿನ್ನ ಪರ ಇರೋರು ಆ ಮನುಷ್ಯನನ್ನ ಬಿಟ್ಟು ನಿನ್ನ ಹೆಜ್ಜೆ ಬಗ್ಗೆ ಬರೀಲಿ, ಆ ಎರಡನೇ ತಿರುವು ಹೇಗೆ ಮಾಡ್ದೆ ಅಂತ ಕೇಳಲಿ. ನಿನಗೋಸ್ಕರ ಜಗಳಕ್ಕೆ ಇಳಿದು ನಿನ್ನನ್ನೇ ಮರೆತುಬಿಟ್ರೆ ಅದೆಂಥ ಸಹಾಯ?

ಕಾಣಿಸ್ತಿಲ್ಲ ಅನ್ನೋ ಜೋಕಿನ ಬಗ್ಗೆ ಒಂದು ವಿಷ್ಯ. 2018ರಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅನ್ನೋ ಇಬ್ಬರು ಸಂಶೋಧಕಿಯರು ಮುಖ ನೋಡಿ ಹೆಣ್ಣೋ ಗಂಡೋ ಹೇಳೋ ದೊಡ್ಡ ಕಂಪನಿಗಳ ಸಾಫ್ಟ್‌ವೇರ್‌ಗಳನ್ನ ಪರೀಕ್ಷೆ ಮಾಡಿದ್ರು. ತಿಳಿ ಬಣ್ಣದ ಗಂಡಸರಲ್ಲಿ ತಪ್ಪು 1%ಕ್ಕಿಂತ ಕಮ್ಮಿ, ಗಾಢ ಬಣ್ಣದ ಹೆಂಗಸರಲ್ಲಿ 34.7%ರ ತನಕ. ಅಂಥ ಮುಖಗಳನ್ನ ಅದಕ್ಕೆ ಸಾಕಷ್ಟು ತೋರಿಸಿಯೇ ಇರಲಿಲ್ಲ. ಕಾಣಿಸದೇ ಇರೋದು ನೋಡೋರ ಕಡೆಯ ದೋಷ.

ಪ್ರಶ್ನೆ: ನಮ್ಮಲ್ಲೇ ಜಾತಿ ಇಟ್ಕೊಂಡು ಅಮೆರಿಕದ ಕರಿಯರ ಬಗ್ಗೆ ಯಾಕೆ ಅಳ್ಬೇಕು?

ಉತ್ತರ: ಯಾಕೆ ಅಳಬಾರದು? 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ, ಹೋರಾಟಗಾರ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಒಂದು ಪತ್ರ ಬರೆದ್ರು. ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿರೋ ಸುದ್ದಿ ಓದಿದೆ, ಎರಡು ಮೂರು ಪ್ರತಿ ಕಳಿಸಿಕೊಡಿ, ಇಲ್ಲಿನ ಅಸ್ಪೃಶ್ಯರೂ ಅದೇ ದಾರಿ ಯೋಚನೆ ಮಾಡ್ತಿದ್ದಾರೆ ಅನ್ನೋದು ಅದರ ಸಾರ. ಡುಬಾಯ್ಸ್ ಅದೇ ವರ್ಷ ಜುಲೈ ಕೊನೆಗೆ ಉತ್ತರ ಬರೆದು ಕಳಿಸಿಕೊಡ್ತೀನಿ, ನಿಮ್ಮ ಜನರ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ ಅಂದ್ರು. ಇಬ್ಬರೂ ತಮ್ಮ ತಮ್ಮ ಮನೆಯ ಬೆಂಕಿ ಆರಿಸ್ತಿದ್ದವರೇ.

ನಿಮ್ಮ ಪ್ರಶ್ನೆ ಕೇಳೋರಲ್ಲಿ ನಾನು ಒಂದು ಗಮನಿಸಿದ್ದೀನಿ, ಬೇಜಾರು ಮಾಡ್ಕೋಬೇಡಿ. ಅಮೆರಿಕದ ವಿಷ್ಯ ಬಂದಾಗ ಜಾತಿ ನೆನಪಾಗುತ್ತೆ, ಜಾತಿ ವಿಷ್ಯ ಬಂದಾಗ ಅದೆಲ್ಲ ಈಗೆಲ್ಲಿದೆ ಅಂತಾರೆ. ನೀವು ಆ ಪೈಕಿ ಅಲ್ಲದಿದ್ರೆ ಸಂತೋಷ.

ಪ್ರಶ್ನೆ: ಏನಾದ್ರೂ ನಡೆದಾಗ ನಾನು ಪೋಸ್ಟ್ ಹಾಕಲ್ಲ. ಸುಮ್ನಿರೋದೂ ತಪ್ಪು ಅಂತ ಒಬ್ರು ಟ್ಯಾಗ್ ಮಾಡಿ ಬೈದ್ರು.

ಉತ್ತರ: 2020ರ ಜೂನ್ 2ಕ್ಕೆ ಲಕ್ಷಾಂತರ ಜನ ತಮ್ಮ ಪುಟದಲ್ಲಿ ಒಂದು ಕಪ್ಪು ಚೌಕ ಹಾಕಿದ್ರು, ಫ್ಲಾಯ್ಡ್ ಸಾವಿನ ವಿರುದ್ಧದ ಹೋರಾಟಕ್ಕೆ ಬೆಂಬಲ ಅಂತ. ತುಂಬಾ ಜನ ಚಳವಳಿಯ ಹ್ಯಾಶ್‌ಟ್ಯಾಗನ್ನೇ ಸೇರಿಸಿದ್ರಿಂದ ಪ್ರತಿಭಟನೆ ಎಲ್ಲಿ, ಗಾಯ ಆದ್ರೆ ಯಾರನ್ನ ಕೇಳ್ಬೇಕು, ಬೇಲ್‌ಗೆ ದುಡ್ಡು ಎಲ್ಲಿ ಕೊಡ್ಬೇಕು ಅನ್ನೋ ಉಪಯೋಗದ ಪೋಸ್ಟುಗಳೆಲ್ಲ ಕಪ್ಪು ಚೌಕದ ಕೆಳಗೆ ಹೂತು ಹೋದ್ವು. ಕೊನೆಗೆ ಹೋರಾಟಗಾರರೇ ದಯವಿಟ್ಟು ಆ ಟ್ಯಾಗ್ ತೆಗೀರಿ ಅಂತ ಬೇಡ್ಕೊಂಡ್ರು. ಹಾಗಾಗಿ ಪೋಸ್ಟ್ ಹಾಕ್ದಿದ್ದಕ್ಕೆ ನಿಮಗೆ ನಾನು ಬಯ್ಯಲ್ಲ. ಆಫೀಸಲ್ಲಿ, ಬಾಡಿಗೆ ಮನೆ ವಿಷ್ಯದಲ್ಲಿ, ಮಕ್ಕಳ ಶಾಲೆಯಲ್ಲಿ ಕಣ್ಣೆದುರು ಹಾಗೇನಾದ್ರೂ ನಡೆದಾಗ್ಲೂ ಸುಮ್ನಿರ್ತೀರಾ ಅನ್ನೋದು ಬೇರೆ ಪ್ರಶ್ನೆ, ಅದನ್ನ ನೀವು ಬರೆದಿಲ್ಲ.

ಪ್ರಶ್ನೆ: ಮೇಡಂ, ಕಾಲೇಜಿನಲ್ಲಿದ್ದಾಗ ಒಬ್ಬಳು ಕ್ಲಾಸ್‌ಮೇಟ್ ಮುಖ, ಕಣ್ಣಿನ ಬಗ್ಗೆ ಕೀಳಾಗಿ ಪೋಸ್ಟ್ ಹಾಕಿದ್ದೆ. ಈಗ ಅದರ ಸ್ಕ್ರೀನ್‌ಶಾಟ್ ಓಡಾಡ್ತಿದೆ, ಕೆಲಸಕ್ಕೂ ತೊಂದ್ರೆ ಆಗ್ಬಹುದು. ಎಲ್ಲರಿಗೂ ಕಾಣೋ ಹಾಗೆ ದೊಡ್ಡ ಕ್ಷಮಾಪಣೆ ಪೋಸ್ಟ್ ಬರೆದಿಟ್ಟಿದ್ದೀನಿ, ಹಾಕ್ಲಾ? ಓದಿ ಹೇಳ್ತೀರಾ?

ಉತ್ತರ: ಓದ್ದೆ. ನಾಲ್ಕು ಪ್ಯಾರಾ ಇದೆ. ಮೊದಲನೇದ್ರಲ್ಲಿ ನೀವು ಬೆಳೆದ ವಾತಾವರಣ, ಎರಡನೇದ್ರಲ್ಲಿ ಆಗ ನಿಮ್ಮ ಮನಸ್ಥಿತಿ, ಮೂರನೇದ್ರಲ್ಲಿ ಈಗ ನೀವು ಎಷ್ಟು ಬದಲಾಗಿದ್ದೀರಿ, ನಾಲ್ಕನೇದ್ರಲ್ಲಿ ನಿಮಗೆ ಬರ್ತಿರೋ ಬೆದರಿಕೆ. ಆ ಹುಡುಗಿ ಇಡೀ ಪೋಸ್ಟಲ್ಲಿ ಒಂದೇ ಒಂದು ಕಡೆ ಬರ್ತಾಳೆ, ಅದೂ ಯಾರಿಗಾದರೂ ನೋವಾಗಿದ್ದರೆ ಅನ್ನೋ ಸಾಲಲ್ಲಿ. ಆಗಿದ್ದರೆ ಏನು, ಆಗಿದೆ.

ಅದನ್ನ 'ನೋವು ಮಾಡಿದೆ' ಅಂತ ತಿದ್ದಿ. ಒಂದು ಮತ್ತೆ ಮೂರನೇ ಪ್ಯಾರಾ ಹರಿದು ಹಾಕಿ. ಬೆದರಿಕೆ ಬಂದಿರೋದು ನಿಜವಾದ್ರೆ ಅದು ಪೊಲೀಸರಿಗೆ ಹೇಳೋ ವಿಷ್ಯ, ಕ್ಷಮಾಪಣೆಯೊಳಗೆ ಅದಕ್ಕೆ ಜಾಗ ಇಲ್ಲ. ಇನ್ನು ಎಲ್ಲರಿಗೂ ಕಾಣೋ ಹಾಗೆ ಹಾಕೋ ಮುಂಚೆ ಅವಳಿಗೊಬ್ಬಳಿಗೆ ಎರಡು ಸಾಲು ಕಳಿಸಿ, ಏನ್ ಮಾಡಿದ್ದೆ ಅಂತ ನೇರ ಹೇಳಿ, ಪಬ್ಲಿಕ್ಕಾಗಿ ಬರೆದ್ರೆ ನಿಂಗೆ ತೊಂದ್ರೆ ಆಗುತ್ತಾ ಅಂತ ಕೇಳಿ. ಹೆಸರು ಮತ್ತೆ ಎಳೆದು ತರೋದು ಅವಳಿಗೆ ಬೇಡದೇ ಇರಬಹುದು. ಸಂಬಂಧ ಪೂರ್ತಿ ಕಡಿದು ಹೋಗಿದ್ರೆ ಇಬ್ಬರಿಗೂ ಗೊತ್ತಿರೋರ ಮೂಲಕ ಕೇಳಿಸಿ, ಆ ಮಧ್ಯದವರಿಗೆ ಒತ್ತಾಯ ಮಾಡ್ಬೇಡ ಅಂತ ಮೊದಲೇ ಹೇಳಿಟ್ಟಿರಿ. ಉತ್ತರ ಬರ್ದಿದ್ರೆ ಅದೇ ಉತ್ತರ ಅಂತ ಇಟ್ಕೊಳ್ಳಿ. ಕೆಲಸದ ಜಾಗದಲ್ಲಿ ಕೇಳಿದ್ರೆ ಹೌದು ಬರೆದಿದ್ದು ನಾನೇ ಅನ್ನಿ. ಅವಳಿಗೆ ಮಾತ್ರ ಇನ್ನೊಂದು ಮೆಸೇಜ್ ಕಳಿಸಬೇಡಿ.